ವೀಸಾ ಬಂದ ಮೇಲೆ ಶುರುಮಾಡಿದರೆ ತಡ
ವಿದೇಶಕ್ಕೆ ಹೋಗುವವರು ನಾಯಿಯನ್ನು ನೆಂಟರ ಮನೆಯಲ್ಲಿ ಬಿಡುವುದೇ ಮೇಲು ಅಂತ ಒಂದು ಲೇಖನದಲ್ಲಿ ಓದಿದೆ. ನಾನು ಒಪ್ಪಲ್ಲ. ಮೈಸೂರಿಂದ ಜರ್ಮನಿಗೆ ಬಂದಾಗ ನಮ್ಮ ಕರಿಯನನ್ನೂ (ಅಪ್ಪಟ ಬೀದಿನಾಯಿ) ಕರೆಸಿಕೊಂಡ್ವಿ. ದುಡ್ಡಿಗಿಂತ ಕಾಯೋದೇ ಕಷ್ಟ. ಮೊದಲು ಮೈಕ್ರೋಚಿಪ್ (ಗುರುತಿಗೆ ಚರ್ಮದಡಿ ಹಾಕುವ ಪುಟ್ಟ ಚಿಪ್), ಆಮೇಲೆ ರೇಬಿಸ್ ಲಸಿಕೆ. ಚಿಪ್‌ಗಿಂತ ಮುಂಚೆ ಹಾಕಿಸಿದ್ದು ಲೆಕ್ಕಕ್ಕಿಲ್ಲ. ಕನಿಷ್ಠ 30 ದಿನ ಬಿಟ್ಟು ಲಸಿಕೆ ಕೆಲಸ ಮಾಡಿದೆಯಾ ಅಂತ ನೋಡಲು ರಕ್ತಪರೀಕ್ಷೆ, ರಕ್ತ ತೆಗೆದ ದಿನದಿಂದ ಮತ್ತೆ 3 ತಿಂಗಳು ಕಾಯಬೇಕು. ಭಾರತದಿಂದ ಐರೋಪ್ಯ ಒಕ್ಕೂಟಕ್ಕೆ ಬರುವ ಬೆಕ್ಕಿಗೂ ಇದೇ ನಿಯಮ. ನಾವು ಶುರುಮಾಡಿದ್ದೇ ವೀಸಾ ಬಂದ ಮೇಲೆ, ಹಾಗಾಗಿ ನಾನು ಮುಂಚೆ ಬಂದೆ, ಹೆಂಡತಿ ಐದು ತಿಂಗಳು ಕರಿಯನ ಜೊತೆ ಅಲ್ಲೇ ಉಳಿದಳು. ಅತ್ತೆ ಇವತ್ತಿಗೂ ಆಡಿಕೊಳ್ತಾರೆ! ಹಾಂ, ಹದಿಮೂರು ವರ್ಷದ ಮುದಿನಾಯಿ ಆಗಿದ್ದರೆ ನಾನೂ ಊರಲ್ಲೇ ಬಿಡ್ತಿದ್ದೆ.