ಸತ್ಯಾಂಶ: ಕೋಡ್ ಮುಕ್ತವಾದರೆ ರೋಗಿಯ ದಾಖಲೆ ಬಯಲಾಗುವುದಿಲ್ಲ

"ಆಸ್ಪತ್ರೆ ಓಪನ್ ಸೋರ್ಸ್ ಸಾಫ್ಟ್‌ವೇರ್ ಬಳಸಿದರೆ ನಿಮ್ಮ ಕಾಯಿಲೆಯ ವಿವರ ಎಲ್ಲರಿಗೂ ಸಿಗುತ್ತದೆ" ಎಂಬ ಫಾರ್ವರ್ಡ್ ನೋಡಿ ಹೆದರಬೇಡಿ. ಅದು ತಪ್ಪು. ಓಪನ್ ಸೋರ್ಸ್ ಎಂದರೆ ಸಾಫ್ಟ್‌ವೇರಿನ ಕೋಡನ್ನು, ಅಂದರೆ ಅದನ್ನು ನಡೆಸುವ ಬರಹವನ್ನು, ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದು ಎಂದಷ್ಟೆ. ಲೈಸೆನ್ಸ್, ಅಂದರೆ ಬಳಸುವ ಮತ್ತು ಹಂಚುವ ಷರತ್ತು, ಇರುವುದು ಕೋಡ್‌ಗೆ, ನಿಮ್ಮ ದಾಖಲೆಗಲ್ಲ.

2004ರಲ್ಲಿ ಶುರುವಾದ, ರೋಗಿಗಳ ದಾಖಲೆ ಇಡುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಓಪನ್‌ಎಂಆರ್‌ಎಸ್ ತಗೊಳ್ಳಿ. ಅದರ ಕೋಡ್ ಮೊಜಿಲ್ಲಾ ಪಬ್ಲಿಕ್ ಲೈಸೆನ್ಸ್ 2.0ರಡಿ ಇದೆ. ಅದರ ಫೈಲ್ ತಿದ್ದಿ ಹೊರಗಿನವರಿಗೆ ಹಂಚಿದರೆ, ತಿದ್ದಿದ ಫೈಲನ್ನೂ ಅದೇ ಲೈಸೆನ್ಸಿನಲ್ಲಿ ಕೊಡಬೇಕು. ಆಸ್ಪತ್ರೆ ತನ್ನೊಳಗೇ ಬಳಸಿಕೊಂಡರೆ ಅದೂ ಬೇಕಿಲ್ಲ. ರೋಗಿಯ ಹೆಸರು, ರಕ್ತದ ವರದಿ ಈ ಮಾತಿನಲ್ಲಿ ಬರುವುದೇ ಇಲ್ಲ. ಆಸ್ಪತ್ರೆಯಲ್ಲಿ ನಾಲ್ಕು ಜನ ಒಂದೇ ಪಾಸ್‌ವರ್ಡ್ ಬಳಸುವುದಿದೆಯಲ್ಲ, ನನಗೆ ಜಾಸ್ತಿ ಭಯ ಅದರದ್ದೇ.

ಸಾಫ್ಟ್‌ವೇರ್ ಬಳಸುವುದು ಹೇಗೆಂದು ಹೇಳುವ ಕೈಪಿಡಿಗೆ ಬೇರೆ ಲೈಸೆನ್ಸ್ ಒಳ್ಳೆಯದು. ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆಯ ಲೈಸೆನ್ಸುಗಳು ಬರಹಕ್ಕೆ ಹೊಂದುತ್ತವೆ. ಸಾಫ್ಟ್‌ವೇರಿಗೆ ಬೇಡ ಎಂದು ಆ ಸಂಸ್ಥೆಯೇ ಹೇಳುತ್ತದೆ. ಮೂಲದವರ ಹೆಸರು ಹೇಳಿದರೆ ಸಾಕು ಎನ್ನುವ ಬಗೆಯದನ್ನು ಆರಿಸಿದರೆ, ನಮ್ಮ ನರ್ಸ್‌ಗಳಿಗಾಗಿ ಯಾರು ಬೇಕಾದರೂ ಅದನ್ನು ಕನ್ನಡಕ್ಕೆ ತರಬಹುದು.