ಸ್ಕೀನ್ಸ್‌ದು ಯಾವ ಗೋತ್ರ?

ರಾತ್ರಿ ಎರಡೂವರೆಗೆ ಊರಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತದೆ. ಹೊರದೇಶದಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊನ್ನೆ ಹಾಗೇ ಬಂತು. ಹಾಸನದಿಂದ, ಮಾವನ ನಂಬರು. ನಾನು ಧಡಕ್ಕನೆ ಎದ್ದು ಕೂತು, "ಮಾವ, ಏನಾಯ್ತು? ಅತ್ತೆ ಹೇಗಿದಾರೆ?" ಅಂದೆ.

"ಅವಳಿಗೇನಮ್ಮ, ಊಟ ಮಾಡಿ ಮಲಗಿದಾಳೆ. ಅದಿರ್ಲಿ, ಏಪ್ರಿಲ್‌ಗೆ ಶಾರ್ಟ್‌ಸ್ಟಾಪ್ ಯಾರಂತೆ? ಆ ಹುಡುಗನ್ನ ಮೇಲಕ್ಕೆ ಕರೀತಾರಂತಾ?"

ಶಾರ್ಟ್‌ಸ್ಟಾಪ್ ಅಂದರೆ ಬೇಸ್‌ಬಾಲ್‌ನಲ್ಲಿ ಒಬ್ಬ ಫೀಲ್ಡರ್. ಗಂಡ ಆ ಕಡೆ ತಿರುಗಿ ಮಲಗಿದ. ಅವರಪ್ಪ, ಆದರೆ ಫೋನ್ ಬರುವುದು ನನಗೆ. ಕಾರಣ ಕೇಳಿದರೆ, "ಅವನಿಗೆ ಬೇಸ್‌ಬಾಲ್ ಗೊತ್ತಾಗಲ್ಲ ಬಿಡಮ್ಮ" ಅನ್ನುತ್ತಾರೆ. ನನಗೆ ಗೊತ್ತಾಗುತ್ತೆ ಅಂತ ಅವರಿಗೆ ಯಾರು ಹೇಳಿದರೋ ಕಾಣೆ. ಅಲ್ಲಿ ಮಧ್ಯಾಹ್ನ ಒಂದು ಗಂಟೆ, ಇಲ್ಲಿ ನಡುರಾತ್ರಿ. ಈ ಗಡಿಯಾರದ ಲೆಕ್ಕವೂ ಅವರಿಗೆ ಚೆನ್ನಾಗಿ ಗೊತ್ತು. ಪಂದ್ಯ ಎಷ್ಟು ಗಂಟೆಗೆ ಅಂತ ಕೇಳುವಾಗ ಮಾತ್ರ ಅದು ನೆನಪಾಗುತ್ತದೆ.

ನಾವಿರುವುದು ಪಿಟ್ಸ್‌ಬರ್ಗ್‌ನಲ್ಲಿ. ಈ ಊರಿಗೆ ಆಟದ ವಿಷಯದಲ್ಲಿ ಬಡತನವಿಲ್ಲ. ಅಮೆರಿಕನ್ ಫುಟ್‌ಬಾಲ್‌ನ ಸ್ಟೀಲರ್ಸ್ ಆರು ಸೂಪರ್ ಬೌಲ್ ಗೆದ್ದಿದ್ದಾರೆ. ಐಸ್ ಹಾಕಿಯ ಪೆಂಗ್ವಿನ್ಸ್ ಐದು ಸ್ಟಾನ್ಲಿ ಕಪ್ ತಂದಿದ್ದಾರೆ. ಇಷ್ಟೆಲ್ಲ ಬಿಟ್ಟು ಮಾವ ಆರಿಸಿಕೊಂಡಿದ್ದು ಪೈರೇಟ್ಸ್ ಅನ್ನೋ ಬೇಸ್‌ಬಾಲ್ ತಂಡವನ್ನು. 1993ರಿಂದ 2012ರವರೆಗೆ ಸತತ 20 ಸೀಸನ್ ಗೆಲುವಿಗಿಂತ ಸೋಲೇ ಜಾಸ್ತಿ ಕಂಡ ತಂಡ ಅದು. ಬೇಸ್‌ಬಾಲ್‌ನ ದೊಡ್ಡ ಕಪ್ಪಾದ ವರ್ಲ್ಡ್ ಸೀರೀಸನ್ನು ಕೊನೆಯ ಸಲ ಗೆದ್ದಿದ್ದು 1979ರಲ್ಲಿ.

ತಪ್ಪು ಮಾವನದಲ್ಲ, ಕ್ಯಾಲೆಂಡರಿನದು. ಊರಿಂದ ಬರುವ ಅಪ್ಪ ಅಮ್ಮಂದಿರಿಗೆ ಇಲ್ಲಿ ಇರಲು ಬಿಡುವುದು ಆರು ತಿಂಗಳು. ಬೇಸ್‌ಬಾಲ್ ಸೀಸನ್ ಕೂಡ ಹೆಚ್ಚು ಕಡಿಮೆ ಅಷ್ಟೇ. 162 ಪಂದ್ಯ, ಅಂದರೆ ದಿನಕ್ಕೊಂದು ಅಂತಲೇ ಇಟ್ಟುಕೊಳ್ಳಿ. ಮೊದಲ ವಾರ ನಯಾಗರ, ಎರಡನೇ ವಾರ ದೇವಸ್ಥಾನ, ಮೂರನೇ ವಾರ ಸೂಟ್‌ಕೇಸ್ ತಗೊಳ್ಳೋಕೆ ಮಾಲ್. ಆಮೇಲೆ ಉಳಿಯುವುದು ಸೋಫಾ ಮತ್ತು ರಿಮೋಟ್. ಸಂಜೆ 6.40ಕ್ಕೆ ಪಂದ್ಯ ಶುರು. ಒಂಬತ್ತೂವರೆವರೆಗೆ ನಮ್ಮನೆಯಲ್ಲಿ ಯಾರೂ ಊಟಕ್ಕೆ ಕೂರುವ ಹಾಗಿಲ್ಲ. ಅತ್ತೆ ಸಾರನ್ನು ಬಿಸಿ ಮಾಡಿ ಮಾಡಿ, ಅದು ಗೊಜ್ಜಾದ ಮೇಲೆ ಬಡಿಸುತ್ತಿದ್ದರು. ಮಾವ ಅದನ್ನೂ ಗಮನಿಸದೆ, "ಇವನನ್ನ ಯಾಕಮ್ಮ ನಾಲ್ಕನೇ ನಂಬರಿಗೆ ಕಳಿಸ್ತಾರೆ?" ಅಂತ ತಟ್ಟೆ ನೋಡದೆ ಉಣ್ಣುತ್ತಿದ್ದರು.

ಮಾವ ಕೋಆಪರೇಟಿವ್ ಇಲಾಖೆಯಲ್ಲಿ ಆಡಿಟರ್ ಆಗಿ ರಿಟೈರ್ ಆದವರು. ಹಾಗಾಗಿ ಅವರ ಮೊದಲ ಸಿಟ್ಟು ಆಟಗಾರರ ಮೇಲಲ್ಲ, ಲೆಕ್ಕದ ಮೇಲೆ. ಐಪಿಎಲ್‌ನಲ್ಲಿ 2025ರ ಹರಾಜಿಗೆ ಎಲ್ಲ ತಂಡಕ್ಕೂ ಒಂದೇ ಪರ್ಸ್, 120 ಕೋಟಿ. ಇಲ್ಲಿ ಆ ಕಟ್ಟುಪಾಡಿಲ್ಲ. ಲಾಸ್ ಏಂಜಲೀಸಿನ ಡಾಜರ್ಸ್ ತಂಡ ಒಟಾನಿ ಅನ್ನೋ ಒಬ್ಬನೇ ಆಟಗಾರನಿಗೆ ಹತ್ತು ವರ್ಷಕ್ಕೆ 70 ಕೋಟಿ ಡಾಲರ್ ಬರೆದುಕೊಟ್ಟರು. ಪೈರೇಟ್ಸ್ 2025ರವರೆಗಿನ ತಮ್ಮ ಇತಿಹಾಸದಲ್ಲಿ ಕೊಟ್ಟ ಅತಿ ದೊಡ್ಡ ಮೊತ್ತ ಬ್ರಯನ್ ರೆನಾಲ್ಡ್ಸ್‌ಗೆ, ಹತ್ತು ಕೋಟಿ ಚಿಲ್ಲರೆ. ದೊಡ್ಡ ಊರಿನ ತಂಡಗಳ ಆದಾಯದಲ್ಲಿ ಸಣ್ಣ ಊರಿನ ತಂಡಗಳಿಗೆ ಪಾಲು ಸಿಗುತ್ತದೆ ಅಂತ ಗೊತ್ತಾದ ದಿನ ಮಾವ ನಿದ್ದೆ ಮಾಡಲಿಲ್ಲ. "ಬಂದ ದುಡ್ಡು ಎಲ್ಲಿ ಹೋಯ್ತು? ವೋಚರ್ ಎಲ್ಲಿ?" ಅಂತ ಕೇಳಿದರು. ನನ್ನನ್ನು ಕೇಳಿದರು, ನಾನು ಖಜಾಂಚಿ ಅನ್ನೋ ಹಾಗೆ. 2025ರ ಏಪ್ರಿಲ್‌ನ ಮೊದಲ ತವರು ಪಂದ್ಯದಲ್ಲೇ ಜನ 'ಸೆಲ್ ದ ಟೀಮ್' ಅಂತ ಮಾಲೀಕರ ವಿರುದ್ಧ ಕೂಗಿದ್ದರು. ಮಾವ ಬಂದಿದ್ದು ಅದಾದ ಮೇಲೆ. ತಾವು ಅಲ್ಲಿ ಇರಲಿಲ್ಲವಲ್ಲ ಅನ್ನೋ ಕೊರಗು ಇನ್ನೂ ಹೋಗಿಲ್ಲ.

ಎದುರು ಮನೆಯಲ್ಲಿ ಒಬ್ಬ ಯಜಮಾನರಿದ್ದಾರೆ. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಹುಟ್ಟಿದಾಗಿಂದ ಪೈರೇಟ್ಸ್ ಅಭಿಮಾನಿ. ಅವರ ಇಂಗ್ಲಿಷ್ ಮಾವನಿಗೆ ಅರ್ಥವಾಗುವುದಿಲ್ಲ, ಮಾವನ ಇಂಗ್ಲಿಷ್ ಅವರಿಗೆ. ಆದರೂ ದಿನಾ ಬೆಳಿಗ್ಗೆ ಅವರ ಮನೆ ಮೆಟ್ಟಿಲ ಮೇಲೆ ಇಬ್ಬರದೂ ಒಂದು ಗಂಟೆ ಕಲಾಪ. ಅವರು ಒಂದು ಹೆಸರು ಹೇಳಿ ತಲೆ ಅಲ್ಲಾಡಿಸುತ್ತಾರೆ. ಮಾವ ಇನ್ನೊಂದು ಹೆಸರು ಹೇಳಿ ಹಣೆ ಚಚ್ಚಿಕೊಳ್ಳುತ್ತಾರೆ. ಇಬ್ಬರಿಗೂ ಎಲ್ಲಾ ಅರ್ಥವಾಗಿರುತ್ತದೆ.

ಸೋತ ತಂಡಗಳಿಗೆ ಮುಂದಿನ ವರ್ಷ ಹೊಸ ಹುಡುಗರನ್ನು ಮೊದಲು ಆರಿಸಿಕೊಳ್ಳುವ ಅವಕಾಶ ಜಾಸ್ತಿ ಅಂತ ವಿವರಿಸಿದ್ದು ಆ ಯಜಮಾನರೇ. ಮಾವ ಒಳಗೆ ಬಂದು, "ಫೇಲಾದೋನಿಗೆ ಮೊದಲ ಸೀಟಂತೆ! ನಮ್ಮ ಕಾಲದಲ್ಲಿ ಇದ್ದಿದ್ರೆ ನಾನು ಡಾಕ್ಟರ್ ಆಗಿರ್ತಿದ್ದೆ" ಅಂದರು. ಹಾಗೆ ಲಾಟರಿಯಲ್ಲಿ ಸಿಕ್ಕ ಮೊದಲ ಸೀಟಿನಿಂದ 2023ರಲ್ಲಿ ಬಂದವನೇ ಪಾಲ್ ಸ್ಕೀನ್ಸ್. ಮೀಸೆ ಬಿಟ್ಟ, ಆರಡಿ ಮೀರಿದ ಹುಡುಗ. ಪಿಚರ್, ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಎಸೆತ ಗಂಟೆಗೆ 160 ಕಿ.ಮೀ. ದಾಟುತ್ತದೆ. 2025ರಲ್ಲಿ ಒಂಬತ್ತು ಇನ್ನಿಂಗ್ಸ್‌ಗೆ, ಅಂದರೆ ಒಂದು ಇಡೀ ಪಂದ್ಯಕ್ಕೆ, ಸರಾಸರಿ 1.97 ರನ್ ಕೊಟ್ಟು, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ. ಅದೇ ವರ್ಷ ಅವನ ಹೆಸರಿನಲ್ಲಿ 10 ಗೆಲುವು, 10 ಸೋಲು. ಯಾಕೆಂದರೆ ಅವನು ರನ್ ಕೊಡದೆ ತಡೆದರೆ, ಉಳಿದವರು ರನ್ ಹೊಡೆಯದೆ ತಡೆದರು. ಆ ವರ್ಷ ಇಡೀ ಲೀಗ್‌ನಲ್ಲಿ ಅತಿ ಕಡಿಮೆ ಹೋಮ್ ರನ್, ಅಂದರೆ ನಮ್ಮ ಸಿಕ್ಸ್ ಥರದ್ದು, ಹೊಡೆದ ತಂಡ ಇದು.

ಜುಲೈ ಮೊದಲ ವಾರ ನಡೆದಿದ್ದನ್ನು ನೀವು ನಂಬಬೇಕು. ಸೇಂಟ್ ಲೂಯಿಸ್ ತಂಡ ಬಂದಾಗ ಮೂರು ಪಂದ್ಯದಲ್ಲಿ ಅವರಿಗೆ ಒಂದೇ ಒಂದು ರನ್ ಕೊಡದೆ ಮೂರನ್ನೂ ಗೆದ್ದರು. ಮಾವ ಅತ್ತೆಗೆ ಹೇಳಿ ಪಾಯಸ ಮಾಡಿಸಿದರು. ಅಲ್ಲಿಂದ ಸಿಯಾಟಲ್‌ಗೆ ಹೋದರು. ಮೂರು ಪಂದ್ಯ ಆಡಿ, ಒಂದೇ ಒಂದು ರನ್ ಹೊಡೆಯದೆ ಮೂರನ್ನೂ ಸೋತರು. ಪಾಯಸ ಫ್ರಿಜ್‌ನಲ್ಲಿ ಇನ್ನೂ ಇತ್ತು.

ಆಗ ಮಾವ ನಿರ್ಧಾರ ಮಾಡಿದರು. "ಇದು ಆಟದ ದೋಷ ಅಲ್ಲಮ್ಮ. ಗ್ರಹದ್ದು."

ಪೆನ್ ಹಿಲ್ಸ್‌ನಲ್ಲಿ ವೆಂಕಟೇಶ್ವರ ದೇವಸ್ಥಾನ ಇದೆ. 1970ರ ದಶಕದಿಂದ ಇರುವ ದೇವಸ್ಥಾನ, ಸುತ್ತಲ ಊರುಗಳಿಂದ ಜನ ಬರುತ್ತಾರೆ. ಶನಿವಾರ ಬೆಳಿಗ್ಗೆ ಕಾಲಿಡಲು ಜಾಗವಿರುವುದಿಲ್ಲ. ಅಂಥ ಒಂದು ಶನಿವಾರ ಮಾವ ಅರ್ಚನೆಯ ಚೀಟಿ ಹಿಡಿದು ಸಾಲಿನಲ್ಲಿ ನಿಂತರು. ನಾನು ಪಕ್ಕದಲ್ಲಿ. ಹಿಂದೆ ನನ್ನ ಆಫೀಸಿನ ತೆಲುಗು ಸಹೋದ್ಯೋಗಿ ಸಂಸಾರ ಸಮೇತ. ನನ್ನ ಗ್ರಹಚಾರಕ್ಕೆ ಅರ್ಚಕರು ಬೆಂಗಳೂರಲ್ಲಿ ಇದ್ದವರು, ಕನ್ನಡ ಬರುತ್ತಿತ್ತು. ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತೇನೋ.

"ಹೆಸರು, ನಕ್ಷತ್ರ?"

ಮಾವ ಜೇಬಿನಿಂದ ಮಡಚಿದ ಹಾಳೆ ತೆಗೆದು ಕನ್ನಡಕ ಏರಿಸಿದರು. "ಪಾಲ್. ಪೂರ್ವಾಷಾಢ, ಧನು ರಾಶಿ."

ಹುಟ್ಟಿದ ತಾರೀಖು ಹುಡುಕಿ, ಹಳೇ ಪಂಚಾಂಗ ಮೊಬೈಲಲ್ಲಿ ತರಿಸಿಕೊಂಡು ನೋಡಿದ್ದರಂತೆ. ಹುಟ್ಟಿದ ಗಳಿಗೆ ಮಾತ್ರ ಸಿಕ್ಕಿರಲಿಲ್ಲ, ಅದನ್ನು ಕೇಳೋಕೆ ಪೈರೇಟ್ಸ್ ಕಚೇರಿಗೆ ಫೋನ್ ಮಾಡು ಅಂತ ನನಗೆ ಹಿಂದಿನ ದಿನ ಹೇಳಿದ್ದರು. ಅರ್ಚಕರೇನೂ ಬೆಚ್ಚಿ ಬೀಳಲಿಲ್ಲ. ಇಲ್ಲಿ ಪಾಲ್, ಮೇಗನ್ ಹೆಸರಲ್ಲಿ ಅರ್ಚನೆ ದಿನಾ ಆಗುತ್ತದೆ.

"ಅಳಿಯಂದ್ರಾ?"

"ಅಲ್ಲ ಸ್ವಾಮಿ, ಪಿಚರ್ರು."

ಅರ್ಚಕರು ನನ್ನ ಮುಖ ನೋಡಿದರು. ನಾನು ಗರುಡಗಂಬ ನೋಡಿದೆ.

"ಗೋತ್ರ?"

ಮಾವ ಇದಕ್ಕೆ ತಯಾರಾಗಿರಲಿಲ್ಲ. ಹಾಳೆ ತಿರುಗಿಸಿ ನೋಡಿದರು. "ಸ್ಕೀನ್ಸ್‌ದು ಯಾವ ಗೋತ್ರಮ್ಮ?" ಅಂತ ನನ್ನನ್ನು ಜೋರಾಗಿ ಕೇಳಿದರು. ಸಾಲಿನಲ್ಲಿದ್ದ ಒಬ್ಬ ಹುಡುಗ ಕಿಸಕ್ಕನೆ ನಕ್ಕ. ಅವನು ತೊಟ್ಟಿದ್ದ ಅಂಗಿಯ ಮೇಲೂ ಅದೇ ಹೆಸರಿತ್ತು. ಕೊನೆಗೆ ಅರ್ಚಕರೇ, "ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಅಂತ ಹೇಳೋದು ರೂಢಿ" ಅಂದರು. ಸ್ಕೀನ್ಸ್ ಕಾಶ್ಯಪ ಗೋತ್ರಕ್ಕೆ ಸೇರಿದ.

"ಇನ್ಯಾರಾದ್ರೂ ಇದಾರಾ?"

"ಓನೀಲ್, ಬ್ರಯನ್, ಕೆಬ್ರಯನ್, ಆಂಡ್ರ್ಯೂ, ಡೇವಿಡ್..." ಹೆಸರು ಇಳಿಯುತ್ತಲೇ ಇತ್ತು. ಹಿಂದೆ ಸಾಲು ಬಾಗಿಲು ದಾಟಿತ್ತು. ಸಹೋದ್ಯೋಗಿಯ ಹೆಂಡತಿ ಗಡಿಯಾರ ನೋಡಿಕೊಂಡರು.

"ಒಂದು ಚೀಟಿಗೆ ಒಂದು ಕುಟುಂಬ. ಇವರೆಲ್ಲ ಒಂದೇ ಕುಟುಂಬದವರಾ?"

ಮಾವ ಯೋಚಿಸಿದರು. ಆಡಿಟರ್, ಸುಳ್ಳು ಹೇಳುವವರಲ್ಲ. "ಒಂದೇ ಕುಟುಂಬ ಸ್ವಾಮಿ. ಜುಲೈ 31ರವರೆಗೆ."

ಆ ವರ್ಷ ಆಟಗಾರರನ್ನು ಬೇರೆ ತಂಡಕ್ಕೆ ಕೊಟ್ಟು ತಗೊಳ್ಳಲು ಅದೇ ಕೊನೆಯ ದಿನವಾಗಿತ್ತು. ಅರ್ಚಕರಿಗೆ ಇದೆಲ್ಲ ಗೊತ್ತಿತ್ತೋ ಏನೋ, ತುಟಿ ಕಚ್ಚಿಕೊಂಡು ಸಂಕಲ್ಪ ಶುರು ಮಾಡಿದರು. ಕ್ಷೇಮ, ಸ್ಥೈರ್ಯ, ವಿಜಯ ಅಂತ ಬಂದಾಗ ಮಾವ ಕೈ ಎತ್ತಿ ನಿಲ್ಲಿಸಿದರು. "ಆ ಮೂರನೇದನ್ನ ಇನ್ನೊಂದ್ಸಲ ಹೇಳಿ ಸ್ವಾಮಿ."

ಸೋಮವಾರ ಆಫೀಸಿನಲ್ಲಿ ಏನಾಯಿತು ಅಂತ ಬರೆಯುವುದಿಲ್ಲ.

ಫಲ ಸಿಗಲಿಲ್ಲ ಅನ್ನೋ ಹಾಗೂ ಇಲ್ಲ. ಓನೀಲ್ ಕ್ರೂಸ್ ಅನ್ನೋ ಆರಡಿ ಏಳಿಂಚಿನ ಆಸಾಮಿ ಮೇ ತಿಂಗಳಲ್ಲಿ ಗಂಟೆಗೆ 122.9 ಮೈಲಿ ವೇಗದಲ್ಲಿ ಚೆಂಡು ಹೊಡೆದಿದ್ದ. 2015ರಲ್ಲಿ ಈ ಅಳತೆ ಶುರುವಾದ ಮೇಲೆ ಅಷ್ಟು ಜೋರಾಗಿ ಯಾರೂ ಹೊಡೆದಿರಲಿಲ್ಲ. ಅರ್ಚನೆಯ ಮೇಲೆ ಇನ್ನೂ ಜೋರಾಗಿ ಬೀಸತೊಡಗಿದ, ಚೆಂಡಿಗೆ ತಾಗುವುದು ಮಾತ್ರ ಕಷ್ಟವಾಯಿತು. ವರ್ಷದ ಕೊನೆಗೆ ಅವನ ಸರಾಸರಿ .200, ಹತ್ತಕ್ಕೆ ಎರಡು. ಜುಲೈ 30ಕ್ಕೆ ಕೆಬ್ರಯನ್ ಹೇಯ್ಸ್ ಸಿನ್ಸಿನಾಟಿಗೆ ಹೋದ. ಮರುದಿನ ಡೇವಿಡ್ ಬೆಡ್ನಾರ್, ಇದೇ ಸೀಮೆಯ ಹುಡುಗ, ನ್ಯೂಯಾರ್ಕ್ ಯಾಂಕೀಸ್‌ಗೆ ಹೋದ. "ನಾನು ಇಲ್ಲಿ ಅರ್ಚನೆ ಮಾಡಿಸಿದ ಪುಣ್ಯ ಸಿನ್ಸಿನಾಟಿಗೆ ಹೋಯ್ತಲ್ಲಮ್ಮ" ಅಂತ ಮಾವ ಎರಡು ದಿನ ಗೊಣಗಿದರು. ಎದುರು ಮನೆಯವರು ಗೊಣಗಲಿಲ್ಲ. ಅವರು 1992ರಲ್ಲಿ ಬ್ಯಾರಿ ಬಾಂಡ್ಸ್ ಹೋಗಿದ್ದನ್ನು ನೋಡಿದವರು, 2018ರಲ್ಲಿ ಒಂದೇ ತಿಂಗಳಲ್ಲಿ ಗೆರಿಟ್ ಕೋಲ್ ಮತ್ತು ಆಂಡ್ರ್ಯೂ ಮೆಕಚನ್ ಇಬ್ಬರನ್ನೂ ಕಳಿಸಿದ್ದನ್ನು ನೋಡಿದವರು. ಸ್ಕೀನ್ಸ್‌ಗೆ 2029ರ ತನಕ ಬಿಡುಗಡೆ ಇಲ್ಲ. ಅವರು ಈಗಲೇ ವರ್ಷ ಎಣಿಸುತ್ತಿದ್ದಾರೆ.

ಪೈರೇಟ್ಸ್ 2008ರಲ್ಲಿ ಇಬ್ಬರು ಭಾರತದ ಹುಡುಗರನ್ನು ಸೇರಿಸಿಕೊಂಡಿತ್ತು ಅಂತ ಹೇಳಿದ್ದೂ ಅವರೇ. ರಿಂಕು ಸಿಂಗ್, ದಿನೇಶ್ ಪಟೇಲ್. ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು, ಬೇಸ್‌ಬಾಲ್ ಕಂಡವರೇ ಅಲ್ಲ, ಒಂದು ಟಿವಿ ಸ್ಪರ್ಧೆಯಲ್ಲಿ ಗೆದ್ದು ಬಂದಿದ್ದರು. ಮೇಲಿನ ಲೀಗ್ ತಲುಪಲಿಲ್ಲ. ಮಾವನಿಗೆ ಕೇಳಿಸಿದ್ದು ಮೊದಲ ಹೆಸರು ಮಾತ್ರ. "ರಿಂಕು ಸಿಂಗ್ ಇವರ ಹತ್ರ ಇದ್ನಾ? ಕೊನೇ ಓವರಲ್ಲಿ ಐದು ಸಿಕ್ಸ್ ಹೊಡೆದೋನು! ಬಿಟ್ಟು ಕಳಿಸಿದ್ರಾ?" ಅವನು ಬೇರೆ, ಇವನು ಬೇರೆ, ಈ ರಿಂಕು ಆಮೇಲೆ ಕುಸ್ತಿಗೆ ಹೋದ ಅಂತ ನಾನು ಹೇಳುವಷ್ಟರಲ್ಲಿ ಮಾವ ಮೆಟ್ಟಿಲಿಳಿದು, ಆ ಮುದುಕರಿಗೆ ಐದು ಸಿಕ್ಸನ್ನೂ ಕೈ ಬೀಸಿ ತೋರಿಸುತ್ತಿದ್ದರು.

ಜೂನ್ 3ರಂದು ಅಹಮದಾಬಾದ್‌ನಲ್ಲಿ ಆರ್‌ಸಿಬಿ ಕಪ್ ಗೆದ್ದಾಗ ಇಲ್ಲಿ ಮಟಮಟ ಮಧ್ಯಾಹ್ನ. ಪಟಾಕಿ ಇಲ್ಲ, ಹಾರ್ನ್ ಇಲ್ಲ, ಬೀದಿಯಲ್ಲಿ ಒಂದು ನಾಯಿ ಕೂಡ ಇಲ್ಲ. ಮಾವನಿಗೆ ಯಾರಿಗಾದರೂ ಹೇಳಲೇಬೇಕಿತ್ತು. ಚಪ್ಪಲಿ ಹಾಕದೆ ರಸ್ತೆ ದಾಟಿ ಎದುರು ಮನೆ ಬೆಲ್ ಒತ್ತಿದರು. ಅವರಿಗೆ ಕ್ರಿಕೆಟ್ ಗೊತ್ತಿಲ್ಲ. "ಎಷ್ಟು ವರ್ಷ ಕಾದಿರಿ?" ಅಂತ ಕೇಳಿದರು. ಹದಿನೆಂಟು ಅಂದರು ಮಾವ. "ನಾವು ನಲವತ್ತಾರು" ಅಂದು ಕೈ ಕುಲುಕಿದರು. ಮಾರನೇ ಬೆಳಿಗ್ಗೆ ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದ ಸುದ್ದಿ ಬಂತು. ಹನ್ನೊಂದು ಜನ ಸತ್ತರು. ಮಾವ ಆ ಸಂಜೆ ಟಿವಿ ಹಾಕಲಿಲ್ಲ. ಪೈರೇಟ್ಸ್ ಏನಾಯಿತು ಅಂತಲೂ ಕೇಳಲಿಲ್ಲ. ಆ ದಿನ ಸಾರು ಬಿಸಿಯಾಗಿದ್ದಾಗಲೇ ಎಲ್ಲರೂ ಉಂಡೆವು, ಯಾರಿಗೂ ಅದು ರುಚಿಸಲಿಲ್ಲ.

ಸೀಸನ್ 71 ಗೆಲುವು, 91 ಸೋಲಿಗೆ ಮುಗಿಯಿತು. ಮಾವನೂ ಊರಿಗೆ ಹೊರಟರು. ಹೋಗುವ ಮೊದಲು ಅವರಿಗೊಂದು ಆಸೆ ಹತ್ತಿತ್ತು, ಕಾನರ್ ಗ್ರಿಫಿನ್ ಅನ್ನೋ ಹುಡುಗನನ್ನು ನೋಡಬೇಕು. ಹತ್ತೊಂಬತ್ತು ವರ್ಷ, ಶಾರ್ಟ್‌ಸ್ಟಾಪ್, ದೇಶದ ಎಳೆಯ ಆಟಗಾರರಲ್ಲಿ ಎಲ್ಲರಿಗಿಂತ ಮೇಲಿನವನು ಅಂತ ಹೆಸರು. ಆಗಸ್ಟ್‌ನಲ್ಲಿ ಅವನನ್ನು ಆಲ್ಟೂನಾ ಊರಿನ ಕೆಳಗಿನ ತಂಡಕ್ಕೆ ಹಾಕಿದ್ದರು, ನಮ್ಮಿಂದ ಎರಡು ಗಂಟೆ ದಾರಿ. ಮಗಳಿಗೆ ಗಂಡು ನೋಡೋಕೆ ಹೋಗುವ ಹಾಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ನಾನೇ ಡ್ರೈವರ್. ದಾರಿಯುದ್ದಕ್ಕೂ ಅವನ ಗುಣಗಾನ. ಬರುವಾಗ ಮಾತ್ರ ಸ್ವಲ್ಪ ಸುಮ್ಮನಿದ್ದರು. "ಹುಡುಗ ಚೆನ್ನಾಗಿದಾನಮ್ಮ. ಇವರ ಕೈಯಲ್ಲಿ ಎಷ್ಟು ದಿನ ಉಳೀತಾನೋ."

ಈಗ ಹಾಸನದಿಂದ ವಾಟ್ಸಾಪಿನಲ್ಲಿ ಹೊಸ ಪಟ್ಟಿ ಬಂದಿದೆ. ಮುಂದಿನ ಸೀಸನ್ ಶುರುವಾಗುವ ಮೊದಲು ನಾನು ಹೋಗಿ ಅರ್ಚನೆ ಮಾಡಿಸಬೇಕಂತೆ. ಮೊದಲ ಹೆಸರು ಗ್ರಿಫಿನ್, ನಕ್ಷತ್ರ ಸಮೇತ. ಗೋತ್ರದ ಜಾಗದಲ್ಲಿ ಎಲ್ಲರಿಗೂ ಕಾಶ್ಯಪ ಅಂತ ಅವರೇ ತುಂಬಿಸಿದ್ದಾರೆ. ಕೆಳಗೆ ಷರಾ ಇದೆ, ಆಡಿಟರ್ ಅಲ್ವಾ: "ಬೆಡ್ನಾರ್ ಹೆಸರು ತೆಗೆದಿದ್ದೇನೆ. ನ್ಯೂಯಾರ್ಕಿನವರಿಗೆ ಫ್ಲಶಿಂಗ್‌ನಲ್ಲಿ ಅವರದೇ ಗಣಪತಿ ಇದ್ದಾನೆ, ಅವನೇ ನೋಡಿಕೊಳ್ಳಲಿ. ಆದರೆ ಆ ಗಣಪತಿ ಇರುವುದು ಅದೇ ಊರಿನ ಇನ್ನೊಂದು ತಂಡ ಮೆಟ್ಸ್ ಮೈದಾನದ ಹತ್ತಿರವಂತೆ. ಅದು ಅವರ ಹಣೆಬರಹ."