ಹತ್ತಕ್ಕೆ 8.7 ದುಃಖ

ಮೇ ತಿಂಗಳ ರಾಯಚೂರಿನಲ್ಲಿ ಹೊತ್ತು ಮುಳುಗಿ ಎಷ್ಟೋ ಹೊತ್ತಾದರೂ ಮಾಳಿಗೆ ಆರುವುದಿಲ್ಲ. ಅಂಥ ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಅಮೆರಿಕದವರ ವಿಷಾದವನ್ನು ಕೇಳುವುದು ನನ್ನ ಬೇಸಿಗೆಯ ಚಟ.

‘ದಿ ನ್ಯಾಷನಲ್’ ಎಂಬ ಬ್ಯಾಂಡಿನ ‘ಹೈ ವೈಲೆಟ್’ 2010ರ ಮೇ ತಿಂಗಳಲ್ಲಿಯೇ ಬಂದ ಆಲ್ಬಮ್. ಬ್ಯಾಂಡಿನ ಐವರೂ ಸಿನ್ಸಿನಾಟಿಯ ಕಡೆಯವರು. ಅವರಲ್ಲಿ ಎರಡು ಜೋಡಿ ಅಣ್ಣತಮ್ಮಂದಿರು. ಹಾಡುವ ಮ್ಯಾಟ್ ಬರ್ನಿಂಜರ್‌ನದು ಬಾವಿಯೊಳಗಿಂದ ಬಂದಂತಹ ತಗ್ಗು ದನಿ. ಆತ ಹಾಡುವುದು ಮಹಾ ದುರಂತಗಳನ್ನಲ್ಲ. ತೀರದ ಸಾಲ, ಮಗುವನ್ನು ಹೆಗಲ ಮೇಲೆ ಹೊತ್ತ ತಂದೆಯ ಭಯ, ಸಂಬಳದ ಕೆಲಸದಲ್ಲಿರುವವರಿಗೆಲ್ಲ ಪರಿಚಿತವಾದ ಸಣ್ಣ ದಿಗಿಲುಗಳು.

‘ಪಿಚ್‌ಫೋರ್ಕ್’ ಪತ್ರಿಕೆ ಇದಕ್ಕೆ ಹತ್ತಕ್ಕೆ 8.7 ಅಂಕ ಕೊಟ್ಟಿತು. ದುಃಖವನ್ನು ದಶಮಾಂಶದವರೆಗೆ ತೂಗಿದ ಆ ತಕ್ಕಡಿಯ ಬಗ್ಗೆ ನನಗೆ ಗೌರವವಿದೆ, ಆದರೆ ಉಳಿದ 1.3 ಎಲ್ಲಿ ಸೋರಿಹೋಯಿತೆಂಬುದು ತಿಳಿಯದು. ಮೆಚ್ಚಿದವರು, ಇದು ಕೇಳುತ್ತಾ ಕೇಳುತ್ತಾ ಒಳಗಿಳಿಯುವ ಸಂಗೀತವೆಂದರು. ಮೆಚ್ಚದವರು, ಈ ಬ್ಯಾಂಡಿನದು ಯಾವಾಗಲೂ ಇದೇ ರಾಗವೆಂದರು.

ಈ ಎರಡನೆಯ ದೂರು ನಮ್ಮ ಕಡೆ ನಿಲ್ಲುವುದಿಲ್ಲ. ಮೊಹರಂ ಬಂದಾಗ ಮುದಗಲ್ಲಿನ ಸುತ್ತಮುತ್ತ ಹಿಂದೂ ಮುಸ್ಲಿಮರೆನ್ನದೆ ಕೂಡಿ ಹಸನ್-ಹುಸೇನರ ಪದಗಳನ್ನು ಹಾಡುತ್ತಾರೆ. ಕರ್ಬಲಾದ ಆ ದುಃಖಕ್ಕೆ ಸಾವಿರದ ಮುನ್ನೂರು ವರ್ಷ ದಾಟಿದೆ, ಕಥೆಯ ಕೊನೆ ಎಲ್ಲರಿಗೂ ಗೊತ್ತು. ಆದರೂ ಹಾಡಿಗರು ಈ ವರ್ಷ ಹೊಸ ದುಃಖವನ್ನೇನೂ ತರಲಿಲ್ಲವೆಂದು ಯಾರೂ ತಕರಾರು ತೆಗೆಯುವುದಿಲ್ಲ. ದನಿ ಏರಲಿಲ್ಲವೆಂದರೆ ಮಾತ್ರ ಹಿರಿಯರು ಅಲ್ಲಿಯೇ ಗದರುತ್ತಾರೆ.

ಬ್ಯಾಂಡಿನವರಿಗೂ ಇದು ಹೊಳೆದಿರಬೇಕು. 2013ರ ಮೇ ತಿಂಗಳಲ್ಲಿ, ಐಸ್‌ಲ್ಯಾಂಡಿನ ಕಲಾವಿದ ರಾಗ್ನರ್ ಕ್ಯಾರ್ಟನ್ಸನ್‌ನ ಯೋಜನೆಯಂತೆ, ನ್ಯೂಯಾರ್ಕಿನ ಕಲಾಕೇಂದ್ರವೊಂದರಲ್ಲಿ ಅವರು ಇದೇ ಆಲ್ಬಮ್‌ನ ‘ಸಾರೋ’ (ಅಂದರೆ ದುಃಖ) ಎಂಬ ಮೂರೂವರೆ ನಿಮಿಷದಷ್ಟು ಚಿಕ್ಕ ಹಾಡನ್ನು ಸತತವಾಗಿ ಆರು ಗಂಟೆ ಹಾಡಿದರು. 2015ರಲ್ಲಿ ಆ ಆರು ಗಂಟೆಗಳೂ ಒಂಬತ್ತು ಎಲ್‌ಪಿ ಗ್ರಾಮಫೋನ್ ತಟ್ಟೆಗಳ ಪೆಟ್ಟಿಗೆಯಾಗಿ ಮಾರಾಟಕ್ಕೆ ಬಂದವು. ಒಂಬತ್ತನ್ನೂ ಮಗುಚಿ ಹಾಕುತ್ತಾ ಪೂರ್ತಿ ಕೇಳಿದ ವಿಮರ್ಶಕರು ಎಷ್ಟು ಮಂದಿಯೋ, ನನಗಂತೂ ಅನುಮಾನ.